ಒಬ್ಬಾಕಿಯ ದೊಡ್ಡ ಫೋಟೋ

ತಪ್ಪೆಲ್ಲ ‘ದೊಡ್ಡ’ ಎಂಬ ಒಂದು ಮಾತಿನದು.

ಕಾಗವಾಡದ ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಜನರನ್ನು ಕೂರಿಸಿ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ರಿಯಾಜ ಬೇಸತ್ತಿದ್ದ. ಬಯಲಿನ ಬೆಳಕಿನಲ್ಲಿ ಮುಖ ತೆಗೆಯುವುದನ್ನು ಮೊಬೈಲಿನ ವಿಡಿಯೋ ನೋಡಿ ಕಲಿಯುತ್ತಿದ್ದ. ಮಾಲೀಕನ ಹೆಸರು ಸಮಾಧಾನ; ಸ್ವಭಾವ ಹಾಗಲ್ಲ. ಅವನು ಅಂದು ಬೆಳಿಗ್ಗೆ ಕ್ಯಾಮೆರಾ ಕೈಗಿಟ್ಟ.

“ಇವತ್ತ ಒಂದ ಚಲೋ ಮುಖ ತಗದು ತೋರ್ಸು. ರವಿವಾರ ಹೊಳೀ ದಂಡ್ಯಾಗಿನ ಪ್ರೀ-ವೆಡ್ಡಿಂಗ್ ಫೋಟೋ ಕೆಲಸಾ ನಿನಗ. ಇಲ್ಲಂದ್ರ ಮತ್ತ ಅದ ಪರದೆ.”

ರಿಯಾಜ ತನ್ನೂರು ಜುಗೂಳಕ್ಕೆ ಓಡಿದ. ನೆರೆಮನೆಯ ಕೆಂಪವ್ವನ ಸುಕ್ಕುಗಳಲ್ಲಿ ಸಂಜೆ ಬೆಳಕು ಕಬ್ಬಿನ ಸಾಲಿನಲ್ಲಿ ನೀರು ಹಾಯ್ದಂತೆ ಹಾಯುವುದನ್ನು ಅವನು ಎಷ್ಟೋ ಸಲ ನೋಡಿದ್ದ.

“ಆಯಿ, ಸಂಜೀಕ ಹೊಳೀ ದಂಡಿಗೆ ಬರ್ರಿ. ನಿಮ್ದೊಬ್ರದ ಒಂದ ದೊಡ್ಡ ಫೋಟೋ ತಗೀತೇನಿ.”

ಎದುರುಮನೆಯ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಸೋಸುತ್ತಿದ್ದ ತಾರಾಬಾಯಿಯ ಕೈ ನಿಂತಿತು. ಒಬ್ಬಳದೇ. ದೊಡ್ಡದು. ಗೋಡೆಗೆ ತೂಗಿ ಹಾರ ಹಾಕುವ ಫೋಟೋ ಅಲ್ಲದೆ ಇನ್ನೇನು? ಡಾಕ್ಟರು ಏನೋ ಹೇಳಿರಬೇಕು!

ಮಧ್ಯಾಹ್ನದೊಳಗೆ ಸುದ್ದಿ ಓಣಿಯೆಲ್ಲ ಸುತ್ತಿ, ಕೆಂಪವ್ವನ ಮನೆ ತುಂಬಿತು. ಓಣಿಯ ಮೆಹರುಬಿ ಶಾವಿಗೆ ಪಾಯಸ ತಂದಳು. ಮೋರಿ ಜಗಳದಿಂದ ಮಾತು ಬಿಟ್ಟಿದ್ದ ಆಚೆಮನೆಯ ಗುರಪ್ಪ ಎಳನೀರು ಕೆತ್ತಿ ತಾನೇ ಬಾಯಿಗೆ ಹಿಡಿದ. ಯಾಕೆಂದು ಯಾರೂ ಹೇಳಲಿಲ್ಲ. ಹೇಳಹೋದರೆ ಅಳು ಬಂದೀತು.

ರಿಯಾಜ ಮಾತ್ರ ಒಲೆಯ ಮೇಲಿನ ಹಾಲು ನೋಡುವವನಂತೆ ಸೂರ್ಯನನ್ನೇ ನೋಡುತ್ತಿದ್ದ.

“ಹೊತ್ತ ಮುಳಗತೈತಿ, ಏಳ್ರಿ ಆಯಿ!”

“ತಡಿಯೋ, ಶಾವಿಗಿ ಇನ್ನಾ ಉಳದೈತಿ.”

ಕೊನೆಗೂ ದಂಡೆ ಮುಟ್ಟಿದಾಗ ಹಿಂದೆ ಅರ್ಧ ಊರಿತ್ತು.

“ಸೆರಗ ನೆಟ್ಟಗ ಮಾಡ್ಕೊ, ಕೆಂಪವ್ವ. ನಗಬ್ಯಾಡ. ಅಂಥಾ ಫೋಟೋದಾಗ ಯಾರ ನಗತಾರ?” ಎಂದಳು ತಾರಾಬಾಯಿ.

“ಗುರಪ್ಪಕಾಕಾ, ಅಡ್ಡ ಬಂದೀರಿ, ಸರೀರಿ!” ರಿಯಾಜ ಕೂಗಿದ.

“ನಾ ಎಲ್ಲಿ ಅಡ್ಡ ಬಂದೇನೋ? ಮೋರೀನೂ ಬಿಟ್ಟಕೊಟ್ಟೇನಲ್ಲಪಾ!” ಗುರಪ್ಪ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಸುದ್ದಿ ಕೇಳಿದ ಕೆಂಪವ್ವನ ಮಗಳು ಸುಂದರಾ ಅಕ್ಕೋಳದಿಂದ ಓಡಿಬಂದು ಅವ್ವನನ್ನು ತಬ್ಬಿದಳು.

“ಯವ್ವಾ! ಮೊಮ್ಮಗಳ ಲಗ್ನಾ ನೋಡದ ಹೋಗ್ತೀ ಏನ?”

ದಿನವಿಡೀ ಕೆಮ್ಮದ ಕೆಂಪವ್ವ ಈಗ ಕೆಮ್ಮಿದಳು. “ನೀವು ಲಗ್ನಕ್ಕ ದೀಪಾವಳಿ ಆಗ್ಲಿ ಅಂತೀರಿ. ಅಲ್ಲೀತನಾ ನಾ ಇರಬೇಕಲ್ಲಬೇ.”

ಹಾಗೆಂದವಳೇ ಮಗಳ ಹೆಗಲ ಮೇಲಿಂದ ರಿಯಾಜನತ್ತ ನೋಡಿ, ಬೆಣ್ಣೆ ಕದ್ದ ಕೂಸಿನಂತೆ ನಕ್ಕಳು. ಕೃಷ್ಣೆಯ ನೀರು ಮುಟ್ಟಿದ್ದ ಬಿಸಿಲು ಆ ಮುಖದ ಮೇಲೆ ಬಿತ್ತು. ರಿಯಾಜ ಒತ್ತಿಬಿಟ್ಟ.

ಪಾಯಸ ಉಣಿಸದೆ ಮೆಹರುಬಿ ಅವನನ್ನು ಬಿಡಲಿಲ್ಲ. ಕಾಗವಾಡ ಮುಟ್ಟುವಾಗ ದೀಪ ಹತ್ತಿದ್ದವು. ಸಮಾಧಾನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದ.

“ಕಲತಿ ಬಿಡೋ! ಏನ ನಗಿ, ಏನ ಬೆಳಕ!”

“ಹಂಗಾರ ರವಿವಾರ ನಂದರೀ, ಅಣ್ಣಾ?”

“ರವಿವಾರದ್ದು ಕ್ಯಾನ್ಸಲ್. ಈಗಷ್ಟ ಫೋನ್ ಬಂತು. ಹುಡುಗೀ ಅಜ್ಜಿ ಇವತ್ತೋ ನಾಳೆಯೋ ಅನ್ನೂಹಂಗ ಅದಾಳಂತ. ಗೋಡೀ ಫೋಟೋನೂ ತಗಸ್ಯಾರಂತ, ಪಾಪ. ಆಕೀ ಕಣ್ಮುಂದ ಆಗ್ಲೆಂತ ನಾಳೇನ ಲಗ್ನಾ, ಮನ್ಯಾಗ.”

“ಯಾ ಊರ ಹುಡುಗಿ?”

“ಅಕ್ಕೋಳದ ಮಯೂರಿ. ಅವರವ್ವ ಸುಂದರಾ ಫೋನ್ ಮಾಡಿದ್ಳು.”

ಕ್ಯಾಮೆರಾದಲ್ಲಿ ಕೆಂಪವ್ವ ಇನ್ನೂ ನಗುತ್ತಿದ್ದಳು.

“ಕಂಬಾ ಆಗಿ ನಿಂತ್ಯಲ್ಲೋ! ಲಗ್ನಾ ರಜಿಸ್ಟರ್ ಮಾಡಾಕ ಗಂಡ-ಹೆಣ್ಣಿನ ಪಾಸ್‌ಪೋರ್ಟ್ ಫೋಟೋ ಬೇಕಂತ, ಬರಾಕತ್ತಾರ. ಹೋಗು, ಪರದೆ ಕಟ್ಟು.”