ತೂಕಡಿಕೆ ಕಡ್ಡಾಯ

ನಮ್ಮ ತೂಕ ಮತ್ತು ಅಳತೆ ಕಚೇರಿಯಲ್ಲಿ ಊಟದ ನಂತರ ಇಪ್ಪತ್ತು ನಿಮಿಷ ತೂಕಡಿಸುವುದು ಪ್ರತಿಯೊಬ್ಬ ನೌಕರನ ಕರ್ತವ್ಯವಾಗಿರುತ್ತದೆ. ತಪ್ಪಿದವರ ಮೇಲೆ ಶಿಸ್ತುಕ್ರಮ ಜರುಗುತ್ತದೆ. ಈ ಸುವ್ಯವಸ್ಥೆ ಜಾರಿಗೆ ಬಂದ ಬಗೆಯನ್ನು ದಾಖಲೆಯ ಸಲುವಾಗಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ತೂಕಡಿಕೆ ಅಪರಾಧವಾಗಿತ್ತು. ಅಂಗಡಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವ ಮುದ್ರೆಯಣ್ಣ ಇಪ್ಪತ್ತೆರಡು ವರ್ಷದಿಂದ ಊಟವಾದ ಮೇಲೆ ಹತ್ತು ನಿಮಿಷ ಕೂತಲ್ಲೇ ಕಣ್ಣು ಮುಚ್ಚಿ, ಆಮೇಲೆ ಸಂಜೆಯವರೆಗೆ ಒಂದೂ ತಪ್ಪಿಲ್ಲದೆ ಮುದ್ರೆ ಒತ್ತುತ್ತಿದ್ದ. ಇಂಥ ಬೇಜವಾಬ್ದಾರಿಯನ್ನು ಎಷ್ಟು ದಿನ ಸಹಿಸಲಾದೀತು? ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟಿಸ್ ಕೊಟ್ಟು, ಶುಕ್ರವಾರಕ್ಕೆ ವಿಚಾರಣೆ ಇಡಲಾಯಿತು.

"ಅಲ್ಲೀವರೆಗಾದ್ರೂ ಕಣ್ಣು ಬಿಟ್ಕೊಂಡಿರಿ," ಎಂದು ಅವನ ಹೆಂಡತಿ ಊಟದ ಡಬ್ಬಿ ಕೊಡುವಾಗ ಅಂಗಲಾಚಿದಳು. ಅವನು ಬಿಟ್ಟುಕೊಂಡೇ ಇದ್ದ. ಗುರುವಾರದ ಹೊತ್ತಿಗೆ ಹತ್ತು ಕಿಲೋ ಕಲ್ಲಿನ ಮೇಲೆ ಐದು ಕಿಲೋ ಮುದ್ರೆ ಬಿದ್ದಿತ್ತು.

ಅದೇ ಗುರುವಾರ ಸಾಹೇಬರು ನೌಕರರ ಚೈತನ್ಯ ಕಾಪಾಡುವ ಸುತ್ತೋಲೆ ಹೊರಡಿಸಿದರು. ಎಲ್ಲರೂ ಹೊಟ್ಟೆ ಕರಗಿಸಲಿ ಎಂಬ ಆಸೆಯಿಂದ "ಊಟದ ನಂತರ ಇಪ್ಪತ್ತು ನಿಮಿಷ ತೂಕ ಕಡಿತ ಕಡ್ಡಾಯ" ಎಂದು ಬರೆದಿದ್ದರು. ಸಹಿ ಬಿದ್ದ ಪ್ರತಿಯಲ್ಲಿ "ತೂಕಡಿಕೆ ಕಡ್ಡಾಯ" ಎಂದಿತ್ತು.

"ಏನಮ್ಮಾ ಇದು?" ಎಂದು ಸಾಹೇಬರು ಅದನ್ನು ಟೈಪ್ ಮಾಡಿದವರನ್ನು ಕೇಳಿದರು.

"ಹದಿನೇಳು ಸಲ ಕರಡು ತಿದ್ದಿದ್ರಿ ಸಾರ್," ಎಂದರು ಟೈಪಿಸ್ಟಮ್ಮ. "ಕೊನೇ ಸಲ ನನಗೂ ಕಣ್ಣು ಎಳೀತಿತ್ತು. ಸರಿ ಮಾಡ್ಲಾ?"

"ಬರೀ ನಿಮ್ಮ ತಪ್ಪಾಗಿದ್ರೆ ಸರಿ ಮಾಡಬಹುದಿತ್ತು. ಕೆಳಗೆ ನನ್ನ ಸಹಿ ಇದೆಯಲ್ಲ!"

ಹೀಗಾಗಿ ನಿಯಮಾವಳಿ ಸಿದ್ಧವಾಯಿತು. ತಲೆ ಐದು ಸೆಂಟಿಮೀಟರಿಗಿಂತ ಕಡಿಮೆ ಬಾಗಿದರೆ ಅದನ್ನು ಆಲೋಚನೆ ಎಂದು ಪರಿಗಣಿಸಿ ವಿವರಣೆ ಕೇಳಲಾಗುವುದು. ಗೊರಕೆ ಐಚ್ಛಿಕ. ಕನಸು ಕಚೇರಿ ಕೆಲಸಕ್ಕೆ ಸಂಬಂಧಿಸಿದ್ದಾಗಿರತಕ್ಕದ್ದು.

ಶುಕ್ರವಾರ ಮುದ್ರೆಯಣ್ಣ ವಿಚಾರಣೆಗೆ ಬಂದು ನಿಂತ.

"ಎಷ್ಟು ವರ್ಷದಿಂದ ತೂಕಡಿಸ್ತಿದ್ದೀಯಪ್ಪಾ?"

"ಇಪ್ಪತ್ತೆರಡು, ಸಾರ್."

ಸಾಹೇಬರು ಎದ್ದು ಬಂದು ಕೈಕುಲುಕಿದರು. "ಇಷ್ಟು ಅನುಭವ ಇನ್ಯಾರಿಗಿದೆ!" ಆರೋಪಪಟ್ಟಿಯ ತಲೆಬರಹ ಹೊಡೆದುಹಾಕಿ "ಅನುಭವ ಪತ್ರ" ಎಂದು ಬರೆದು, ಅವನನ್ನು ತೂಕಡಿಕೆ ಮೇಲ್ವಿಚಾರಕನನ್ನಾಗಿ ನೇಮಿಸಿದರು.

ಕೆಲಸ ಉಳಿಯಿತು, ನಿದ್ದೆ ಹೋಯಿತು. ನಾವೆಲ್ಲ ಕಣ್ಣು ಮುಚ್ಚಿದಾಗ ಅವನು ಸ್ಕೇಲು ಹಿಡಿದು ಮೇಜಿನಿಂದ ಮೇಜಿಗೆ ನಮ್ಮ ತಲೆ ಅಳೆಯುತ್ತಿದ್ದ. ನಾವು ಲವಲವಿಕೆಯಿಂದ ಏಳುತ್ತಿದ್ದೆವು. ಅವನು ಬಾಡಿದ ಮುಖ ಹೊತ್ತು ಹೋಗಿ ಕಲ್ಲಿನ ಬದಲು ಹೆಬ್ಬೆರಳಿಗೆ ಮುದ್ರೆ ಒತ್ತಿಕೊಳ್ಳುತ್ತಿದ್ದ. ನೋಡಿ ನನಗೆ ಪಾಪ ಎನ್ನಿಸುತ್ತಿತ್ತು, ಆದರೆ ಅಷ್ಟರಲ್ಲಿ ಮರುದಿನದ ತೂಕಡಿಕೆಯ ಹೊತ್ತಾಗುತ್ತಿತ್ತು.

ತಿಂಗಳ ಕೊನೆಗೆ ಹಾಜರಿ ಪರಿಶೀಲಿಸಿದಾಗ ಗಂಭೀರ ಲೋಪ ಸಿಕ್ಕಿತು: ಒಬ್ಬ ನೌಕರ ಒಂದು ದಿನವೂ ತೂಕಡಿಸಿಲ್ಲ! ಕೆಲಸದಿಂದ ಏಕೆ ತೆಗೆಯಬಾರದು ಎಂದು ಮುದ್ರೆಯಣ್ಣನಿಗೆ ಮತ್ತೆ ನೋಟಿಸ್ ಹೋಯಿತು. ಸಾಹೇಬರಿಗೆ ಉಳಿದ ಹೊತ್ತೆಲ್ಲ ಮೀಟಿಂಗ್ ಇದ್ದುದರಿಂದ ವಿಚಾರಣೆಯನ್ನು ಊಟದ ನಂತರದ ಇಪ್ಪತ್ತು ನಿಮಿಷಕ್ಕೇ ಇಡಲಾಯಿತು.

ಗಂಟೆ ಬಾರಿಸಿತು. ಸಾಹೇಬರು ನಿಯಮಾನುಸಾರ ಕಣ್ಣು ಮುಚ್ಚಿದರು. ಮುದ್ರೆಯಣ್ಣ ಅಭ್ಯಾಸಬಲದಿಂದ ಸ್ಕೇಲು ತೆಗೆದ.

"ಅಣ್ಣಾ, ಅದನ್ನಿಲ್ಲಿ ಕೊಡಿ," ಎಂದರು ಟೈಪಿಸ್ಟಮ್ಮ. "ವಿಚಾರಣೆ ನಡೆಯೋವಾಗ ಆರೋಪಿ ಅಳೆಯೋ ಹಾಗಿಲ್ಲ. ಸುಮ್ನೆ ಕೂತ್ಕೊಳ್ಳಿ."

ಅವನು ಕೂತ. ತಿಂಗಳ ನಿದ್ದೆ ಒಟ್ಟಿಗೇ ಬಂತು. ತಲೆ ಹನ್ನೊಂದು ಸೆಂಟಿಮೀಟರ್ ಬಾಗಿತು. ಕಚೇರಿಯ ಇತಿಹಾಸದಲ್ಲೇ ಇಷ್ಟು ಯಾರೂ ಬಾಗಿರಲಿಲ್ಲ.

ಸಾಹೇಬರು ಎಚ್ಚೆತ್ತು ಬಹಳ ಯೋಚಿಸಿದರು. ಆರೋಪ ಬಿಟ್ಟರೆ ಅವನು ನಾಳೆ ಮತ್ತೆ ಸ್ಕೇಲು ಹಿಡಿಯುತ್ತಾನೆ, ನಿದ್ದೆ ತಪ್ಪಿಸುತ್ತಾನೆ, ಮತ್ತೆ ನೋಟಿಸ್ ಕೊಡಬೇಕಾಗುತ್ತದೆ. ಕಾಗದ ಉಳಿಸುವ ದೃಷ್ಟಿಯಿಂದ ವಿಚಾರಣೆಯನ್ನು ಮರುದಿನ ಅದೇ ಹೊತ್ತಿಗೆ ಮುಂದೂಡಿದರು.

ಇದಾಗಿ ಆರು ವರ್ಷವಾಯಿತು. ವಿಚಾರಣೆ ದಿನವೂ ನಡೆಯುತ್ತಿದೆ, ಮುದ್ರೆಗಳೆಲ್ಲ ಸರಿಯಾಗಿ ಬೀಳುತ್ತಿವೆ. ಸ್ಕೇಲು ಹಿಡಿಯುವ ಟೈಪಿಸ್ಟಮ್ಮ ತಮ್ಮ ಪಾಲಿನ ನಿದ್ದೆಯನ್ನು ಮೊದಲಿನಂತೆ ಟೈಪ್ ಮಾಡುವಾಗಲೇ ಮುಗಿಸುತ್ತಾರೆ.

ಸಂಜೆ ಮುದ್ರೆಯಣ್ಣನ ಹೆಂಡತಿ ಬಾಗಿಲಲ್ಲೇ ಕೇಳುತ್ತಾಳೆ: "ಏನಾಯ್ತು ಕೇಸು?"

"ನಾಳೆಗೆ ಹೋಯ್ತು."

"ಸದ್ಯ! ಎಲ್ಲಿ ಖುಲಾಸೆ ಮಾಡಿಬಿಡ್ತಾರೋ ಅಂತಿದ್ದೆ," ಎಂದು ಅವಳು ಡಬ್ಬಿ ಇಸಿದುಕೊಳ್ಳುತ್ತಾಳೆ.