ಹೊಸಪೇಟೆಯಿಂದ ವಿಮಾನ ಹತ್ತಿದವರು

ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ರೈಲು, ಬಸ್ಸು, ವಿಮಾನ ಮೂರರ ಟಿಕೆಟ್ಟೂ ಮಾರುತ್ತೇನೆ. ರೈಲಿನವರು ಹೋಗುತ್ತಾರೆ, ಬರುತ್ತಾರೆ, ಅಲ್ಲಿಗೆ ಮುಗಿಯಿತು. ವಿಮಾನದವರು ಮಾತ್ರ ಏನಾದರೊಂದು ಮಾಡಿಕೊಳ್ಳದೆ ಊರಿಗೆ ಬಂದದ್ದೇ ಇಲ್ಲ. ಬಂದಮೇಲೆ ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ಪೂರ್ತಿ ಹೇಳಿಯೇ ಏಳುತ್ತಾರೆ. ಅವರ ಲೆಕ್ಕದಲ್ಲಿ ಟಿಕೆಟ್ ಮಾರಿದವಳೇ ವಿಮಾನ ಓಡಿಸಿದವಳು.

ಉಂಗುರ ಕಂಡ ಕಂಪ್ಯೂಟರು

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ಸಾಹುಕಾರರೊಬ್ಬರು ಹೈದರಾಬಾದಿಗೆ ಹೋಗಬೇಕೆಂದು ಬಂದರು. ಎರಡೂ ಕೈಗೆ ಉಂಗುರ, ಕೊರಳಲ್ಲಿ ದಪ್ಪನೆಯ ಸರ. ನಾನು ದರ ಹೇಳಿದೆ. "ಸ್ವಲ್ಪ ತಡೀರಿ, ಮನಿಯಾಕಿನ್ನ ಕೇಳ್ತೀನಿ" ಎಂದು ಫೋನ್ ಮಾಡಿದರು. ಮನೆಯಾಕೆ ಹೂಂ ಅನ್ನುವಷ್ಟರಲ್ಲಿ ದರ ಏರಿಬಿಟ್ಟಿತ್ತು.

"ಯಾರ್ರೀ ಏರ್ಸಿದಾವ್ರು?"

"ಯಾರೂ ಅಲ್ರಿ. ಅದ ತಾನಾಗೇ ಏರ್ತೈತಿ. ಕೇಳೋ ಮಂದಿ ಜಾಸ್ತಿ ಆದ್ರ ರೇಟೂ ಜಾಸ್ತಿ."

"ಕೇಳಾಕ ಬಂದಾವ ನಾ ಒಬ್ನ ಅದೀನಲ್ರಿ."

ಸಾಹುಕಾರರು ತಿರುಗಿ ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ಆಮೇಲೆ ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಪುಟ್ಟ ಕ್ಯಾಮೆರಾದ ಕಣ್ಣನ್ನು ನೋಡಿದರು. ಅವರಿಗೆ ಎಲ್ಲಾ ಅರ್ಥವಾಯಿತು. ಉಂಗುರಗಳನ್ನು ಬಿಚ್ಚಿ ಜೇಬಿಗೆ ಹಾಕಿ, ಸರವನ್ನು ಅಂಗಿಯೊಳಗೆ ಇಳಿಬಿಟ್ಟು, "ಈಗ ನೋಡ್ರಿ" ಎಂದರು. ದರ ಹಾಗೇ ಇತ್ತು. ಎದ್ದು ಹೊರಗೆ ಹೋದರು. ಎದುರಿನ ಚಹಾದಂಗಡಿಯವನ ಟವೆಲ್ ತಲೆಯ ಮೇಲೆ ಹೊದ್ದು, ಚಪ್ಪಲಿ ಹೊರಗೇ ಬಿಟ್ಟು, ಬೆನ್ನು ಬಗ್ಗಿಸಿಕೊಂಡು ಒಳಗೆ ಬಂದು ಮೂಲೆಯಲ್ಲಿ ನಿಂತು ಕೈಸನ್ನೆ ಮಾಡಿದರು.

ಸುಮ್ಮನೆ ಅವರ ಸಮಾಧಾನಕ್ಕೆಂದು ನಾನು ಇನ್ನೊಮ್ಮೆ ಗುಂಡಿ ಒತ್ತಿದೆ. ದರ ಮೊದಲಿಗಿಂತಲೂ ಕೆಳಗೆ ಇಳಿದಿತ್ತು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸಾಹುಕಾರರು ಟವೆಲ್ಲಿನ ಒಳಗಿಂದಲೇ ಪಿಸುಗುಟ್ಟಿದರು: "ಜಲ್ದಿ ಮಾಡ್ರಿ, ಗುರ್ತು ಹಿಡಿದೀತು."

ಮೇಲಿಂದ ಹೆಣ್ಣು ನೋಡಿದ್ದು

ಸಂಡೂರಿನ ಒಬ್ಬ ಮೇಷ್ಟ್ರ ಮಗಳನ್ನು ನೋಡಲು ಹೈದರಾಬಾದಿನಿಂದ ಗಂಡಿನವರು ಬರುವವರಿದ್ದರು. ಬೀಗರು ದೊಡ್ಡ ಮಂದಿ ಎಂದು ಮೇಷ್ಟ್ರೇ ನನ್ನ ಹತ್ತಿರ ಅವರಿಗೆ ವಿಮಾನದ ಟಿಕೆಟ್ ತೆಗೆಸಿದ್ದರು. ವಿಮಾನ ಇಳಿಯುವ ಜಾಗ ಊರಿಗೆ ಹತ್ತಿರವೇ. ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದರು. ಮನೆಮಂದಿ ಮಾಳಿಗೆ ಹತ್ತಿ ಆಕಾಶ ನೋಡುತ್ತ ನಿಂತಿದ್ದರು.

ವಿಮಾನ ಬಂತು. ಆದರೆ ಅವತ್ತು ಗಾಳಿ ಜೋರಾಗಿತ್ತು. ಊರ ಗುಡ್ಡದ ಮೇಲೆ ಕೆಳಮಟ್ಟದಲ್ಲೇ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಇಳಿಯಲಿಲ್ಲ. ಮೇಷ್ಟ್ರು ನನಗೆ ಫೋನ್ ಮಾಡಿದರು.

"ಅಕ್ಕಾರ, ನಮ್ಮ ಬೀಗರು ಮ್ಯಾಲ ತಿರುಗಾಡಾಕ ಹತ್ಯಾರ. ಸ್ವಲ್ಪ ಇಳೀರಿ ಅಂತ ಹೇಳ್ರಿ."

"ನಾ ಹೆಂಗ ಹೇಳ್ಲಿರಿ?"

"ಟಿಕೆಟ್ ಕೊಟ್ಟಾವ್ರು ನೀವಲ್ರಿ?"

ವಿಮಾನ ವಾಪಸ್ ಹೈದರಾಬಾದಿಗೇ ಹೋಯಿತು. ಮಾಡಿದ ಕೇಸರಿಬಾತು ಓಣಿಯವರ ಪಾಲಾಯಿತು. ಸಂಬಂಧ ಕೈತಪ್ಪಿತು ಎಂದು ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಸಂಜೆ ಗಂಡಿನ ತಂದೆಯ ಫೋನ್ ಬಂತು.

"ಮಾಸ್ತರ್ರ, ಮ್ಯಾಲಿಂದ ನಿಮ್ಮ ಊರು, ಮನಿ, ಶಾಮಿಯಾನ ಎಲ್ಲಾ ಕಾಣಿಸ್ತು. ಮಾಳಗಿ ಮ್ಯಾಲ ಹಸಿರು ಸೀರಿ ಉಟ್ಕೊಂಡು ಕೈ ಬೀಸಿದಾಕಿ ಹುಡುಗಿ ಹೌದಲ್ಲ? ನಡಿಗಿ ಭಾಳ ಚುರುಕದ. ನಮಗ ಒಪ್ಪಿಗಿ ಅದ."

ವಿಮಾನ ಸುತ್ತುವ ಹೊತ್ತಿನಲ್ಲಿ ಹುಡುಗಿ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ಹಸಿರು ಸೀರೆ ಉಟ್ಟು ಮಾಳಿಗೆಯ ಮೇಲೆ ಅತ್ತಿಂದಿತ್ತ ಓಡಾಡಿ ಕೈ ಬೀಸಿದ್ದು ಅವಳ ಅಜ್ಜಿ.

ಆಮೇಲೆ ಅವರು ರೈಲಿನಲ್ಲಿ ಬಂದು ಹುಡುಗಿಯನ್ನೇ ನೋಡಿ ಒಪ್ಪಿದರು, ಮದುವೆಯೂ ಚೆನ್ನಾಗಿ ಆಯಿತು. ಆದರೆ ಆ ಸಂಜೆ ಮನೆಯಲ್ಲಿ ಎಲ್ಲರೂ ಏನು ಹೇಳುವುದೆಂದು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ, ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದರಂತೆ: "ಹುಡುಗ ಏನ್ ಕೆಲ್ಸ ಮಾಡ್ತಾನ?"

ಒಳಗೆ ಎಷ್ಟು ಮಂದಿ

ಕಡ್ಡಿರಾಂಪುರದಲ್ಲಿ ಖಾನಾವಳಿ ನಡೆಸುವ ಗಂಡ ಹೆಂಡತಿ ದಿಲ್ಲಿ ನೋಡಲು ಹೊರಟರು. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ಬೆಂಗಳೂರಿನಲ್ಲಿ ಬದಲಿಸಬೇಕು. ಹುಬ್ಬಳ್ಳಿಯಲ್ಲಿ ಚೀಲ ತೂಗಿದರೆ ತೂಕ ಹೆಚ್ಚಾಯಿತು. ಹೆಚ್ಚಿನದಕ್ಕೆ ದುಡ್ಡು ಕಟ್ಟಿ ಎಂದರು. ಖಾನಾವಳಿಯವರು ಹಟಮಾರಿ ಮನುಷ್ಯ. "ಚೀಲಕ್ಕ ರೊಕ್ಕ ಹೌದಲ್ಲ, ಮೈಗೆ ಇಲ್ಲಲ್ಲ?" ಎಂದು ಕೇಳಿ ಖಾತ್ರಿ ಮಾಡಿಕೊಂಡು, ಮೂಲೆಗೆ ಹೋಗಿ ಚೀಲದೊಳಗಿನ ಅಂಗಿಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡರು. ದಿಲ್ಲಿ ಎಂದರೆ ಯಾವಾಗಲೂ ಚಳಿ ಎಂದುಕೊಂಡು ತಂದಿದ್ದ ಸ್ವೆಟರನ್ನೂ ಏರಿಸಿಕೊಂಡರು. ಜೇಬುಗಳಿಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ತುರುಕಿದರು. ಎರಡೂ ಕೈ ಮೈಗೆ ತಾಗದಂತೆ ರೆಕ್ಕೆಯ ಹಾಗೆ ಅಗಲಿಸಿಕೊಂಡೇ ವಿಮಾನ ಹತ್ತಿದರು.

ಬೇಸಿಗೆ. ವಿಮಾನ ಬಿಸಿಲಿನಲ್ಲಿ ನಿಂತೇ ಇತ್ತು, ಒಳಗೆ ತಂಪು ಗಾಳಿ ಇನ್ನೂ ಶುರುವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಖಾನಾವಳಿಯವರು ಕಣ್ಣು ಮೇಲೆ ಮಾಡಿ ಹೆಂಡತಿಯ ಭುಜಕ್ಕೆ ಒರಗಿದರು. ಸುತ್ತಲಿದ್ದವರಿಗೆ ಗಾಬರಿಯಾಯಿತು. ಪುಣ್ಯಕ್ಕೆ ವಿಮಾನದಲ್ಲಿ ಹುಬ್ಬಳ್ಳಿಯ ಡಾಕ್ಟರೊಬ್ಬರಿದ್ದರು, ಓಡಿ ಬಂದರು. ಎದೆ ಬಡಿತ ಕೇಳಬೇಕೆಂದು ಸ್ವೆಟರ್ ಎತ್ತಿದರೆ ಅಂಗಿ. ಗುಂಡಿ ಬಿಚ್ಚಿದರೆ ಇನ್ನೊಂದು ಅಂಗಿ. ಅದರೊಳಗೆ ಮತ್ತೊಂದು, ಅದರ ಜೇಬಿನಲ್ಲಿ ಚಟ್ನಿಪುಡಿ. ಡಾಕ್ಟರು ಸೀನುತ್ತ ಹೆಂಡತಿಯನ್ನು ಕೇಳಿದರು, "ಏನ್ರಿ ಅಕ್ಕಾರ, ಒಳಗ ಎಷ್ಟು ಮಂದಿ ಅದಾರ?"

ಆಕೆ ಸಮಾಧಾನದಿಂದಲೇ ಹೇಳಿದರು: "ಇನ್ನ ಎಲ್ಡು ಬಿಚ್ರಿ ಸಾಹೇಬ್ರ, ಸಿಗ್ತಾರ."

ನಮ್ಮತ್ತೆಯ ಬಂಡಿ

ವರ್ಷಗಟ್ಟಲೆ ಟಿಕೆಟ್ ಮಾರಿದ ನಾನು ಸ್ವತಃ ವಿಮಾನ ಹತ್ತಿದ್ದು ಒಂದೇ ಸಲ, ಅದೂ ನಮ್ಮ ಅತ್ತೆಯ ಜೊತೆ. ಅತ್ತೆ ಗಾದಿಗನೂರಿನವರು. ಹರೆಯದಲ್ಲಿ ಎತ್ತಿನ ಬಂಡಿ ತಾವೇ ಹೊಡೆದವರು. ಬೆಂಗಳೂರಿನಲ್ಲಿ ಅವರ ಕಣ್ಣಿನ ಆಪರೇಷನ್ ಇತ್ತು. "ವಿಮಾನದಾಗ ಸುಮ್ನ ಕುಂದ್ರಬೇಕ್ರಿ, ಮರ್ಯಾದಿ ಪ್ರಶ್ನೆ" ಎಂದು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿದ್ದೆ.

ಸಣ್ಣ ವಿಮಾನ. ಅವತ್ತು ಮಂದಿಯೂ ಕಡಿಮೆ, ಇದ್ದವರೆಲ್ಲ ಮುಂದೆಯೇ ಕೂತಿದ್ದರು. ವಿಮಾನದ ಹುಡುಗಿ ಬಂದು, ಕೆಲವರು ಹಿಂದಕ್ಕೆ ಹೋಗಿ ಕೂರಬೇಕು ಎಂದಳು.

ಅತ್ತೆ ಕೇಳಿದರು, "ಯಾಕ ಹೋಗ್ಬೇಕ? ಟಿಕೆಟ್‌ನ್ಯಾಗ ನಂಬರ್ ಐತಿ."

"ಅಜ್ಜಿ, ಮುಂದೆ ಭಾರ ಜಾಸ್ತಿ ಆದ್ರೆ ಬ್ಯಾಲೆನ್ಸ್ ತಪ್ಪುತ್ತೆ."

ಅತ್ತೆಯ ಮುಖ ಅರಳಿತು. "ಹಂಗ ಅನ್ನು ಮತ್ತ. ನಮ್ಮ ಬಂಡಿ ಇದ್ದಂಗ. ಮುಂದ ಒಜ್ಜಿ ಆದ್ರ ಎತ್ತಿನ ಕುತಿಗಿಗೆ ಬೀಳ್ತೈತಿ, ಹಿಂದ ಆದ್ರ ನೊಗ ಮ್ಯಾಲ ಎದ್ದೀತು. ನೀ ಸರಿ, ನಾ ಕುಂದ್ರಿಸ್ತೀನಿ."

ನಾನು ಸೆರಗು ಜಗ್ಗಿದೆ. ಅಷ್ಟರಲ್ಲಿ ಅವರು ಎದ್ದಾಗಿತ್ತು. ಸಂಡೂರಿನ ಕಡೆಯ ದಪ್ಪನೆಯ ಗಣಿ ಗುತ್ತಿಗೆದಾರರೊಬ್ಬರು ಬಲಗಡೆ ಕೂತಿದ್ದರು, ಅವರ ಹಿಂದೆ ಸಣಕಲು ಗಂಡ ಹೆಂಡತಿ. "ಎಪ್ಪಾ, ನೀ ಒಬ್ನ ಇಬ್ರು ಇದ್ದಿ. ಹಿಂದಕ್ಕ ನಡಿ. ನಿನ್ನ ಎದ್ರಿಗೆ ಎಡಕ್ಕ ಈ ಗಂಡ ಹೆಂಡ್ತಿ ಕುಂದ್ರಲಿ." ಗುತ್ತಿಗೆದಾರರು ಎದ್ದು ಹೋದರು. ಗಂಡ ಹೆಂಡತಿಯೂ ಹೋದರು. ನಾನು ಈ ಮುದುಕಿ ಯಾರೋ ಎಂಬಂತೆ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮೇಲೆ ಹೋದಮೇಲೆ ವಿಮಾನ ಒಮ್ಮೆ ಧಡಕ್ಕನೆ ಕುಸಿದಂತಾಯಿತು. ಯಾರೋ ಒಬ್ಬ ಮೇಲಿನ ಚೀಲ ತೆಗೆಯಲು ಆಗ ತಾನೇ ಎದ್ದಿದ್ದ. "ಯಾವನ್ಲೇ ಎದ್ದಾವ?" ಎಂದರು ಅತ್ತೆ. ಅವನು ಕೂತ. ವಿಮಾನವೂ ಸರಿಹೋಯಿತು. ಅಲ್ಲಿಗೆ ಎಲ್ಲರಿಗೂ ನಂಬಿಕೆ ಬಂದುಬಿಟ್ಟಿತು.

ಸ್ವಲ್ಪ ಹೊತ್ತಿಗೆ ಗುತ್ತಿಗೆದಾರರು ಕೈ ಎತ್ತಿದರು. "ಅಮ್ಮಾರ, ಬಾತ್‌ರೂಮಿಗೆ ಹೋಗಿ ಬರ್ಲ್ಯಾ?"

ಅತ್ತೆ ಯೋಚನೆ ಮಾಡಿ, "ತಡಿ" ಎಂದರು. ಗಂಡ ಹೆಂಡತಿಯನ್ನು ಎಬ್ಬಿಸಿದರು. ಗುತ್ತಿಗೆದಾರರು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಂತೆ ಅವರಿಬ್ಬರು ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದರು. ಗುತ್ತಿಗೆದಾರರು ಹೊರಗೆ ಬರುವತನಕ ಪಾಪ ಇವರಿಬ್ಬರು ಮುಂದೆ ನಿಂತೇ ಇದ್ದರು.

ವಿಮಾನದ ಹುಡುಗಿಗೆ ಸಾಕಾಯಿತು. "ಅಜ್ಜಿ, ನೀವು ಆರಾಮಾಗಿ ಕೂತ್ಕೊಳ್ಳಿ. ಎಲ್ಲಾ ಪೈಲಟ್ ನೋಡ್ಕೋತಾರೆ."

"ಅವ ಮುಂದ ನೋಡ್ತಾನವ್ವ. ಹಿಂದ ನೋಡಾವ್ರು ಯಾರು?"

ಹುಡುಗಿ ತನ್ನ ಸೀಟಿಗೆ ಹೋಗಿ ಬೆಲ್ಟ್ ಬಿಗಿದುಕೊಂಡಳು.

ಬೆಂಗಳೂರಿನಲ್ಲಿ ವಿಮಾನ ಹೂವಿನ ಹಾಗೆ ಇಳಿಯಿತು. ಎಲ್ಲರೂ ಅತ್ತೆಯ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಗುತ್ತಿಗೆದಾರರಂತೂ ಕಾಲಿಗೇ ಬಿದ್ದರು. ಬಾಗಿಲ ಹತ್ತಿರ ಪೈಲಟ್ ನಿಂತಿದ್ದರು, ಎಳೆಯ ವಯಸ್ಸಿನವರು. ಕೈ ಮುಗಿದು, "ಪ್ರಯಾಣ ಚೆನ್ನಾಗಿತ್ತಾ ಅಮ್ಮಾ?" ಎಂದರು.

ಅತ್ತೆ ಅವರ ಕೆನ್ನೆ ಸವರಿ ಹೇಳಿದರು: "ನೀನೂ ಚಲೋ ಹೊಡದಿ ತಮ್ಮಾ. ವಾಪಸ್ ಹೋಗುವಾಗ ನಾ ಇರಂಗಿಲ್ಲ, ಮಂದಿನ್ನ ಒಂಚೂರು ನೀನ ನೋಡಿ ಕುಂದ್ರಿಸ್ಕ್ಯಾ."