ಬಾಮೈದನಿಗೊಂದು ಲಾಟೆ

ಕಳೆದ ಫೆಬ್ರುವರಿಯ ಎರಡನೇ ಭಾನುವಾರ ಬೆಳಗ್ಗೆ, ಕಡೂರಿನ ಹೆದ್ದಾರಿ ಬದಿಗೆ ಹೊಸದಾಗಿ ತೆರೆದ ಕಾಫಿ ಅಂಗಡಿಯಲ್ಲಿ ನಾನು ಎರಡು ಎಸ್ಪ್ರೆಸೊ ಹೇಳಿದೆ. ಒಂದು ನನಗೆ, ಇನ್ನೊಂದು ನನ್ನ ಹೆಂಡತಿಯ ತಮ್ಮ ಮಲ್ಲೇಶನಿಗೆ. ನಾನು ತರೀಕೆರೆಯಿಂದ ಬಂದಿದ್ದೆ, ಅವನು ಅಜ್ಜಂಪುರದಿಂದ. ಎಸ್ಪ್ರೆಸೊ ಹೇಳಿದ್ದು ತಪ್ಪು ಎಂಬುದು ಸ್ವಲ್ಪ ಹೊತ್ತಿನಲ್ಲೇ ಖಚಿತವಾಯಿತು.

ಹಿನ್ನೆಲೆ ಹೀಗಿದೆ. ನಾನು ನಿವೃತ್ತ ವರದಿಗಾರ. ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟಬೇಕು, ಒಬ್ಬರಿಗೆ ಮೊದಲು ಒಬ್ಬರಿಗೆ ಆಮೇಲೆ ಎಂಬ ಪಕ್ಷಪಾತ ಕೂಡದು ಎಂಬ ಶಿಸ್ತಿನಲ್ಲಿ ಬೆಳೆದವನು. ಮಗಳು ರಶ್ಮಿಯ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯ ಫೋಟೋ ತೆಗೆದು ನೆಂಟರಿಗೆಲ್ಲ ಒಂದೇ ಏಟಿಗೆ ವಾಟ್ಸಾಪ್ ಮಾಡಿದೆ. ಮನೆಮನೆಗೆ ಹೋಗಿ ಕರೆಯುವ ಕೆಲಸ ನಂತರ ಇದ್ದೇ ಇತ್ತು. ಆದರೆ ನಮ್ಮ ಕಡೆ ಎಲೆ ಅಡಿಕೆ ಕೈಗಿಟ್ಟು, ‘ಮನೆಮಂದಿಯೆಲ್ಲ ಬರಬೇಕು’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಕರೆದಂತೆ. ಅಲ್ಲಿಯವರೆಗೆ ಏನು ಕಳಿಸಿದರೂ ಅದು ಬರೀ ಸಮಾಚಾರ. ಅದರಲ್ಲೂ ಸೋದರಮಾವನ ಮನೆಗೆ ಮೊದಲು ವೀಳ್ಯ ಹೋಗಬೇಕು. ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಮಲ್ಲೇಶ ನನ್ನ ಸಂದೇಶಕ್ಕೆ ಎರಡೇ ಪದದ ಉತ್ತರ ಕಳಿಸಿದ: ‘ಸುದ್ದಿ ತಿಳಿಯಿತು.’ ವೃತ್ತಿಯಲ್ಲಿದ್ದಾಗ ಇಷ್ಟು ಚೊಕ್ಕ ವಾಕ್ಯ ನಾನೂ ಬರೆದಿರಲಿಲ್ಲ.

ಹೆಂಡತಿ ಗಿರಿಜ ತಮ್ಮನಿಗೆ ಫೋನು ಮಾಡಿದಳು. “ಅಕ್ಕ, ನೀನು ಬಾ. ಭಾವ ಬರೋದು ಬೇಡ ಕಣೇ, ಅವರು ಆಗಲೇ ಮೊಬೈಲಲ್ಲಿ ಬಂದು ಹೋಗಿದ್ದಾರೆ” ಎಂದು ಅವನು ಹೇಳಿದ್ದು ಸ್ಪೀಕರಿನಲ್ಲಿ ಮನೆಗೆಲ್ಲ ಕೇಳಿಸಿತು. ನಮ್ಮಲ್ಲಿ ಹೆಣ್ಣಿನ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ರಶ್ಮಿಗೆ ಇರುವುದು ಒಬ್ಬನೇ ಮಾವ. ಅವಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, “ಮಾವ ಬರದಿದ್ರೆ ನಾನು ಒಬ್ಬಳೇ ನಡ್ಕೊಂಡು ಬರ್ತೀನಿ. ಯಾಕೆ ಅಂತ ಕೇಳಿದೋರಿಗೆ ಅಪ್ಪನ್ನ ತೋರಿಸ್ತೀನಿ” ಎಂದಳು. ಕೊನೆಗೆ ಗಿರಿಜ ತಮ್ಮನನ್ನು ಒಂದು ಮಾತಿಗೆ ಒಪ್ಪಿಸಿದಳು. ಲಾರಿ ಬಾಡಿಗೆಯ ವಿಚಾರಕ್ಕೆ ಕಡೂರಿಗೆ ಬಂದಾಗ ನನ್ನ ಜೊತೆ ಒಂದು ಕಾಫಿ ಕುಡಿಯುತ್ತಾನೆ, ಅಷ್ಟೇ. ಹೊರಡುವಾಗ ನನಗೆ ಹೇಳಿದಳು: “ಎಲೆ ಅಡಿಕೆ ತಗೊಂಡು ಹೋಗಿ ಹೋಟ್ಲಲ್ಲಿ ಕೊಟ್ಟುಗಿಟ್ಟೀರಾ! ಅವನ ಬಾಯಲ್ಲಿ ‘ಮನೆಗೆ ಬನ್ನಿ’ ಅನ್ನಿಸ್ಕೊಂಡು ಬನ್ನಿ, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಬಸ್ ನಿಲ್ದಾಣದ ಹತ್ತಿರದ ಹಳೆ ಹೋಟೆಲಿಗೆ ಹೋಗಬಹುದಿತ್ತು. ಅಲ್ಲಿ ಇಬ್ಬರನ್ನೂ ಬಲ್ಲವರು ಹೆಚ್ಚು. ಮಲ್ಲೇಶನ ಮುಖ ಊದಿಕೊಂಡಿರುವ ವಿಚಾರ ನನಗಿಂತ ಮುಂಚೆ ತರೀಕೆರೆ ತಲುಪುತ್ತಿತ್ತು. ಹೊಸ ಅಂಗಡಿಯಲ್ಲಿ ಇದ್ದವರೆಲ್ಲ ಎಳೆಯರು, ಅವರವರ ಫೋನಿನಲ್ಲಿ ಮುಳುಗಿದ್ದವರು. ಒಳಗೆ ಹೋಗಿ ತಲೆ ಎತ್ತಿದರೆ ಗೋಡೆಯ ತುಂಬ ಹೆಸರುಗಳು. ಅಮೆರಿಕಾನೊ, ಮಕಿಯಾಟೊ, ಕ್ಯಾಪುಚಿನೊ, ಫ್ಲಾಟ್ ವೈಟ್. ಯಾವುದೋ ದೇಶದ ಫುಟ್‌ಬಾಲ್ ತಂಡದ ಆಟಗಾರರ ಹಾಗಿದ್ದವು. ನಾವು ಕಾಫಿ ಕುಡಿದು ದೊಡ್ಡವರಾದದ್ದು ನಾಲ್ಕೇ ಮಾತಿನಲ್ಲಿ: ಸ್ಟ್ರಾಂಗ್, ಲೈಟ್, ಸಕ್ಕರೆ ಕಮ್ಮಿ, ಬೈಟು. ತರೀಕೆರೆಯ ಹೋಟೆಲಿನಲ್ಲಿ ಸಪ್ಲೈಯರ್ ಕೇಳುತ್ತಲೂ ಇರಲಿಲ್ಲ. ನನ್ನ ತಲೆ ಬಾಗಿಲಲ್ಲಿ ಕಂಡರೆ ಒಳಗೆ ಕೂಗಿ ಹೇಳುತ್ತಿದ್ದ. ಪಕ್ಕದಲ್ಲಿ ಯಾರಾದರೂ ಇದ್ದರೆ ಬೈಟು. ಅರ್ಧ ಲೋಟ ಕಾಫಿ ಎದುರಿಗಿದ್ದವನ ಬಾಯಿ ಬಿಡಿಸುತ್ತಿತ್ತು. ತಾಲ್ಲೂಕಿನ ಎಷ್ಟೋ ಸುದ್ದಿ ನನಗೆ ಸಿಕ್ಕಿದ್ದು ಹಾಗೆ.

ಗೋಡೆಯ ಹೆಸರುಗಳಲ್ಲಿ ನನಗೆ ಗುರುತಿದ್ದದ್ದು ಒಂದೇ, ಎಸ್ಪ್ರೆಸೊ. ನಮ್ಮ ಕಾಲದ ಮದುವೆಗಳಲ್ಲಿ ಛತ್ರದ ಮೂಲೆಯಲ್ಲಿ ಅದರ ಯಂತ್ರ ನಿಂತಿರುತ್ತಿತ್ತು. ರೈಲಿನಂತೆ ಬುಸ್ಸೆಂದು ಹಬೆ ಬಿಟ್ಟು, ಹಾಲಿಗೆ ಪುಡಿ ಕಲಸಿದ್ದನ್ನು ಗುಳುಗುಳು ಉಬ್ಬಿಸಿ, ಲೋಟದ ತುಂಬ ನೊರೆ ತುಂಬಿಸಿ, ಮೇಲೆ ಕಂದು ಪುಡಿ ಉದುರಿಸಿ ಕೊಡುತ್ತಿದ್ದರು. ಆರತಕ್ಷತೆಗೆ ಬಂದವರು ಗಂಡು ಹೆಣ್ಣನ್ನು ನೋಡುವ ಮೊದಲು ಅದನ್ನು ನೋಡುತ್ತಿದ್ದರು. ನನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡಿದ್ದ ಈ ಮಲ್ಲೇಶ ಆ ಯಂತ್ರ ಬಿಟ್ಟು ಕದಲಿರಲಿಲ್ಲ. ಕುಡಿದು ಕುಡಿದು ಬಿಳಿ ಮೀಸೆ ಬಂದು, ನೇರ ವೇದಿಕೆಗೆ ಓಡಿಬಂದು ನನ್ನ ರೇಷ್ಮೆ ಶಲ್ಯದಲ್ಲಿ ಮೂತಿ ಒರೆಸಿಕೊಂಡಿದ್ದ. ಆ ಲೋಟ ಎದುರಿಗೆ ಬಂದರೆ ಅವನು ಕರಗುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ಬಂದದ್ದು ಮಕ್ಕಳ ಆಟದ ಸಾಮಾನಿನ ಸೈಜಿನ ಎರಡು ಕಪ್ಪು. ತಳದಲ್ಲಿ ಕರ್ರಗೆ ಏನೋ ಇತ್ತು.

“ಏನ್ ಭಾವ ಇದು, ತೀರ್ಥನಾ?” ಎಂದ ಮಲ್ಲೇಶ. ಒಂದು ಗುಟುಕು ಹೀರಿ ಕಣ್ಣು ಮುಚ್ಚಿದ. “ಹಾಲಿಲ್ಲ, ಸಕ್ಕರೆ ಇಲ್ಲ. ಕರೆದಿದ್ದೂ ಹಂಗೇ, ಕೊಡಿಸಿದ್ದೂ ಹಂಗೇ. ಮದುವೇಲೂ ಇದನ್ನೇ ಹುಯ್ಯಿಸ್ತೀರಾ ಹೆಂಗೆ?”

“ಇರು ಮಾರಾಯ, ಬದಲಾಯಿಸ್ಕೊಂಡು ಬತ್ತೀನಿ” ಎಂದು ಕೌಂಟರಿಗೆ ಓಡಿದೆ.

ಅಲ್ಲಿದ್ದ ಹುಡುಗಿ ನಗದೆ ವಿವರಿಸಿದಳು. ನಾನು ಅದನ್ನು ನಮ್ಮ ಅಡುಗೆಮನೆಯ ಭಾಷೆಗೆ ತಂದುಕೊಂಡೆ. ಎಸ್ಪ್ರೆಸೊ ಎಂದರೆ ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಥರದ್ದು. ಅದಕ್ಕೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ನೆಂಟರು ಹೆಚ್ಚಾದಾಗ ನನ್ನ ಅಮ್ಮನೂ ಡಿಕಾಕ್ಷನ್ನಿಗೆ ಬಿಸಿನೀರು ಸುರಿಯುತ್ತಿದ್ದಳು, ಅದಕ್ಕೆ ಒಂದು ಖಂಡದ ಹೆಸರಿಡಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ನೊರೆ ಮೆರೆದರೆ ಕ್ಯಾಪುಚಿನೊ, ಹಾಲು ಮೆರೆದರೆ ಲಾಟೆ. “ಲಾಟೆ ತಗೊಳ್ಳಿ ಅಂಕಲ್. ಸಿಂಗಲ್ ಶಾಟಾ, ಡಬಲ್ಲಾ?” ಎಂದಳು. ಶಾಟ್ ಎಂದರೆ ಎಷ್ಟು ಎಂದೆ. ಈಗ ಕೊಟ್ಟ ಕಪ್ಪಿನಷ್ಟು ಎಂದಳು. “ಒಂದೇ ಹಾಕಮ್ಮ. ಅಲ್ಲಿ ಕೂತಿರೋರು ಆಗಲೇ ಬಿಸಿಯಾಗಿದ್ದಾರೆ” ಎಂದೆ.

ಇಬ್ಬರಿಗೂ ಲಾಟೆ ಬಂತು. ಅಗಲವಾದ ಕಪ್ಪು, ತುಂಬ ಹಾಲು. ಮಲ್ಲೇಶನ ಕಪ್ಪಿನ ಬಿಳಿಯ ನೊರೆಯಲ್ಲಿ ಒಂದು ಆಕಾರ: ಮೇಲೆ ಅಗಲ, ಕೆಳಗೆ ಚೂಪು. ಊರಿನ ಹುಡುಗರು ಅದನ್ನು ಹೃದಯ ಎನ್ನುತ್ತಾರೆ. ಬಾಮೈದನಿಗೆ ಹೃದಯ ಬರೆಸಿಕೊಟ್ಟೆನಲ್ಲ ಎಂದು ನನಗೆ ಬೆವರು ಬಂತು. ಮಲ್ಲೇಶ ಕಪ್ಪನ್ನು ಹತ್ತಿರಕ್ಕೆ ಎಳೆದುಕೊಂಡು, ಈರುಳ್ಳಿ ಮಾದರಿ ನೋಡುವವನ ಹಾಗೆ ಬಗ್ಗಿ ನೋಡಿದ.

“ಭಾವ, ವೀಳ್ಯದೆಲೆ ಬರೆಸಿದ್ದೀರಾ?”

ನಾನೂ ಬಗ್ಗಿ ಅವನ ಕಪ್ಪು ನೋಡಿದೆ.

“ತುದಿ, ತೊಟ್ಟು ಎಲ್ಲಾ ಸರಿಯಾಗೈತೆ. ಹೋಟ್ಲಲ್ಲಿ ಹೇಳಿ ಮಾಡಿಸಿದ್ರಾ? ನನಗೋಸ್ಕರ?”

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುತ್ತಿದ್ದವನು ನಾನು. ಯಾರೋ ಒಬ್ಬರ ಇನಿಶಿಯಲ್ ತಪ್ಪಾದರೂ ನಿದ್ದೆ ಬರುತ್ತಿರಲಿಲ್ಲ. ತಿದ್ದಲು ಬಾಯಿ ತೆರೆದೆ. ಊಟ ಬಿಟ್ಟ ಮಗಳ ಮುಖ ಕಣ್ಣ ಮುಂದೆ ಬಂತು. ತೆರೆದ ಬಾಯಿಗೆ ಕಾಫಿ ಸುರಿದುಕೊಂಡೆ. ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಯಲ್ಲಿ ತಿದ್ದುಪಡಿ ಹೇಳಲು ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಲ್ಲೇಶ ಎಲೆ ಕದಡದ ಹಾಗೆ ಅಂಚಿನಿಂದ ಹೀರಿದ. ಕಪ್ಪು ಕೆಳಗಿಟ್ಟು, “ಬುಧವಾರ ಅಕ್ಕನ್ನ ಕರ್ಕೊಂಡು ಮನೆಗೆ ಬನ್ನಿ. ಊಟ ಅಲ್ಲೇ” ಎಂದ.

ಬುಧವಾರ ಅಜ್ಜಂಪುರಕ್ಕೆ ಹೋದೆವು. ಗಿರಿಜ ತಮ್ಮನ ಕೈಗೆ ಎಲೆ ಅಡಿಕೆ ಇಟ್ಟಳು. ಅವನು ಕಣ್ಣಿಗೊತ್ತಿಕೊಂಡ. ಊಟ ಮುಗಿದು ಜಗಲಿಯಲ್ಲಿ ನಾವಿಬ್ಬರೇ ಕೂತಾಗ ನನಗೆ ತಡೆಯಲಾಗಲಿಲ್ಲ.

“ಮಲ್ಲೇಶ, ಅವತ್ತಿನ ಎಲೆ ನಾನು ಬರೆಸಿದ್ದಲ್ಲ ಕಣೋ.”

“ಗೊತ್ತು ಬಿಡಿ ಭಾವ” ಎಂದು ಅವನು ಅಡಿಕೆ ಬಾಯಿಗೆ ಹಾಕಿಕೊಂಡ. “ಪಕ್ಕದ ಟೇಬಲ್ಲಿನ ಹುಡುಗ ಹುಡುಗಿಗೂ ಅದೇ ಕೊಟ್ಟಿದ್ರು. ನಿಮ್ಮ ಕಪ್ಪಲ್ಲೂ ಇತ್ತು. ನೀವು ನೋಡ್ಲಿಲ್ವಾ?”

“ಮತ್ತೆ ಯಾಕೋ ಹಂಗಂದೆ?”

“ನಾನೂ ಎಷ್ಟು ದಿನ ಅಂತ ಮುಖ ಊದಿಸ್ಕೊಂಡು ಕೂರ್ಲಿ? ಏನಾದ್ರೂ ಒಂದು ಸಿಗಬೇಕಿತ್ತಲ್ಲ.” ಅಡಿಕೆ ಜಗಿಯುತ್ತಲೇ, “ಅಷ್ಟು ವರ್ಷ ಪೇಪರಲ್ಲಿ ಇದ್ರಿ, ಎದುರಿಗಿರೋ ಕಪ್ಪು ನೋಡಲ್ಲ ಅಂತೀರಲ್ಲ ಭಾವ!” ಎಂದ.

ಮದುವೆ ತರೀಕೆರೆಯಲ್ಲಿ ನಡೆಯಿತು. ರಶ್ಮಿಯ ಕೈಹಿಡಿದು ಮಲ್ಲೇಶ ಮಂಟಪಕ್ಕೆ ಕರೆತಂದ. ದಾರಿಯುದ್ದಕ್ಕೂ ಅತ್ತದ್ದು ಅವನು. ಅವನ ಕಣ್ಣು ಒರೆಸಿದವಳು ಮದುಮಗಳು.